ಕಲಬುರಗಿ ಬಿಸಿಲಿಗೆ ಕೂಲರ್ ಸಾಕಾ, ಎಸಿ ಬೇಕಾ?

ಪ್ರಶ್ನೆ: ನಮ್ಮದು ಕಲಬುರಗಿಯಲ್ಲಿ ಮೊದಲನೇ ಮಹಡಿಯ ಮನೆ, ಮೇಲೆ ಬರೀ ಮಾಳಿಗೆ. ಅತ್ತೆಯವರಿಗೆ ಬೇಸಿಗೆ ತಡೆಯಲು ಆಗುತ್ತಿಲ್ಲ, ಎಸಿ ಹಾಕಿಸೋಣ ಅಂತ ನಮ್ಮ ಯಜಮಾನರು ಹೇಳುತ್ತಿದ್ದಾರೆ. ಎಸಿ ಪರಿಸರಕ್ಕೆ ಕೆಟ್ಟದ್ದು ಅಂತ ಕಾಲೇಜಿಗೆ ಹೋಗುವ ಮಗಳು ಬಿಡುತ್ತಿಲ್ಲ. ಕೂಲರ್ ತಂದರೆ ನೀರು ದಂಡ ಅಂತಾರೆ ಪಕ್ಕದ ಮನೆಯವರು. ಯಾರ ಮಾತು ಕೇಳಲಿ?

ಉತ್ತರ: ಮಾರ್ಚ್ ಬಂತೆಂದರೆ ಈ ಪ್ರಶ್ನೆಯೂ ಬಂತು. ಮೊದಲು ಮಾಳಿಗೆ ನೋಡಿ, ಆಮೇಲೆ ಕೂಲರ್, ಅದೂ ಸಾಲದಿದ್ದರೆ ಅತ್ತೆಯವರ ಕೋಣೆಗೆ ಒಂದೇ ಒಂದು ಎಸಿ. ನಾನಾಗಿದ್ದರೆ ಹೀಗೇ ಮಾಡುತ್ತಿದ್ದೆ.

ರಾತ್ರಿ ಒಂಬತ್ತಕ್ಕೆ ಸ್ಟೂಲ್ ಮೇಲೆ ನಿಂತು ಕೋಣೆಯ ಛತ್ತಿಗೆ ಅಂಗೈ ಇಟ್ಟು ನೋಡಿ. ಈಗಷ್ಟೇ ಒಲೆಯಿಂದ ಇಳಿಸಿದ ಹಂಚಿನ ಹಾಗೆ ಬೆಚ್ಚಗಿರುತ್ತದೆ. ಹಗಲೆಲ್ಲ ಕುಡಿದ ಬಿಸಿಲನ್ನು ಸಿಮೆಂಟ್ ರಾತ್ರಿ ನಿಮ್ಮ ಮೇಲೆ ಇಳಿಸುತ್ತದೆ. ಕೆಳಗೆ ಎಸಿ ಹಾಕಿದರೂ ಅದರ ಅರ್ಧ ದುಡಿಮೆ ಈ ಛತ್ತಿನ ಜೊತೆ ಗುದ್ದಾಡುವುದೇ ಆಗುತ್ತದೆ. ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಈ ಕಾಟ ಇರಲಿಲ್ಲ, ಅಲ್ವಾ? ಮೇಲೆ ಗೇಣುದ್ದ ಮಣ್ಣು, ಕೆಳಗೆ ಶಹಾಬಾದ್ ಪರ್ಸಿ. ಮಧ್ಯಾಹ್ನ ಬರೀ ನೆಲದ ಮೇಲೆ ಮಲಗಿದರೆ ಬೆನ್ನು ತಣ್ಣಗಾಗುತ್ತಿತ್ತು.

ಈಗ ಮಣ್ಣು ಹೇರಲು ಆಗಲ್ಲ, ಸರಿ. ಬಿಳಿ ಸುಣ್ಣ ಬಳಿಯಬಹುದಲ್ಲ. ಅಂಟು ಸೇರಿಸಿ ಎರಡು ಸಲ ದಪ್ಪಗೆ ಬಳಿದರೆ ಬಿಸಿಲಿನ ದೊಡ್ಡ ಪಾಲು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಬಿಳಿ ಕೂಲ್ ರೂಫ್ ಪೇಂಟ್ ಆದರೆ ಬಾಳಿಕೆ ಜಾಸ್ತಿ, ರೇಟೂ ಜಾಸ್ತಿ. ನಮ್ಮ ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕೆಂದೇ ಒಂದು ನೀತಿ ತಂದಿದೆ. ಸುಣ್ಣ ಮಳೆಗೆ ತೊಳೆದು ಹೋಗುತ್ತದೆ, ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಬಳಿಯಬೇಕು. ಬಳಿಯುವಾಗ ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ.

ಇನ್ನು ಕೂಲರ್. ಕಲಬುರಗಿ ಬಿಸಿಲು ಒಣ ಬಿಸಿಲು. ಮಂಗಳೂರಿನವರು ಕೂಲರ್ ಹಾಕಿದರೆ ಮೈ ಇನ್ನಷ್ಟು ಅಂಟಂಟು, ಅಷ್ಟೆ. ನಮ್ಮಲ್ಲಿ ಗಾಳಿ ನೀರಿಗೆ ಬಾಯಿ ಬಿಟ್ಟು ಕೂತಿರುತ್ತದೆ. ಹೊರಗೆ 42 ಡಿಗ್ರಿ, ತೇವಾಂಶ ನೂರಕ್ಕೆ 20 ಇದ್ದಾಗ ಒಳ್ಳೆಯ ಕೂಲರ್‌ನಿಂದ ಬರುವ ಗಾಳಿ 28–30 ಡಿಗ್ರಿಗೆ ಇಳಿದಿರುತ್ತದೆ. ಗಡಿಗೆಯ ನೀರು ತಣ್ಣಗಾಗುವುದೂ ಇದೇ ಲೆಕ್ಕದಲ್ಲಿ.

ಆದರೆ ಕೂಲರ್ ಇಡುವುದರಲ್ಲೇ ಬಹಳ ಜನ ತಪ್ಪುತ್ತಾರೆ. ನಾನೂ ತಪ್ಪಿದ್ದೆ. ಮೊದಲ ಬೇಸಿಗೆ ಕೋಣೆಯ ಮೂಲೆಯಲ್ಲಿಟ್ಟು, ತಂಪು ಹೊರಗೆ ಹೋದೀತೆಂದು ಬಾಗಿಲು ಕಿಟಕಿ ಎಲ್ಲ ಹಾಕಿದೆ. ಅರ್ಧ ತಾಸಿನಲ್ಲಿ ಕೋಣೆ ಬಚ್ಚಲುಮನೆಯಂತಾಯಿತು. ತಿಂಗಳೊಳಗೆ ಕಪಾಟಿನ ಹಿಂದಿನ ಗೋಡೆಗೆ ಬೂಷ್ಟು. ಕೂಲರ್ ಬೆನ್ನು ಕಿಟಕಿಯ ಆಚೆಗಿರಬೇಕು, ಹೊರಗಿನ ಒಣ ಗಾಳಿ ಎಳೆದುಕೊಳ್ಳಲಿಕ್ಕೆ. ಎದುರಿನ ಕಿಟಕಿಯೋ ಬಾಗಿಲೋ ಒಂದು ಗೇಣು ತೆರೆದಿರಬೇಕು, ಒಳಗಿನ ಹಸಿ ಗಾಳಿ ಹೋಗಲಿಕ್ಕೆ.

ಕರೆಂಟಿನ ಲೆಕ್ಕ ಮಗಳಿಗೇ ಮಾಡಲು ಹೇಳಿ. ಸಾಮಾನ್ಯ ಕೂಲರ್ 200 ವ್ಯಾಟ್ ಎಂದಿಟ್ಟುಕೊಳ್ಳಿ. ಎಂಟು ತಾಸಿಗೆ 1.6 ಯೂನಿಟ್. ಒಂದೂವರೆ ಟನ್ ಎಸಿ ಅಷ್ಟೇ ಹೊತ್ತಿಗೆ ಸುಮಾರು ಒಂಬತ್ತು ಯೂನಿಟ್ ತಿನ್ನಬಹುದು. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ 0.7 ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಒಂದು ಕಡೆ ದಿನಕ್ಕೆ ಕೆಜಿ ಚಿಲ್ಲರೆ, ಇನ್ನೊಂದು ಕಡೆ ಆರು ಕೆಜಿ ಮೇಲೆ. ಗೃಹಜ್ಯೋತಿ ಇರುವ ಮನೆಗೆ ಇನ್ನೊಂದು ಪೆಟ್ಟು: ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ನೀರು? ಕಡು ಬೇಸಿಗೆಯಲ್ಲಿ ಕೂಲರ್ ಎಂಟು ತಾಸಿಗೆ ಮೂರ್ನಾಲ್ಕು ಕೊಡ ಕುಡಿಯುತ್ತದೆ, ಸುಳ್ಳಲ್ಲ. ನಲ್ಲಿ ಬರುವ ದಿನಕ್ಕೆ ಕಾಯುವವರಿಗೆ ಅದು ಸಣ್ಣ ಮಾತಲ್ಲ. ಆದರೆ ಎಸಿಯೂ ನೀರು ಕುಡಿಯುತ್ತದೆ, ನಮ್ಮ ಕಣ್ಣಿಗೆ ಬೀಳಲ್ಲ ಅಷ್ಟೆ. ಕಲ್ಲಿದ್ದಲು ಕರೆಂಟಿಗೆ ನೀರು ಬೇಕು. ಶಕ್ತಿನಗರದ ರಾಯಚೂರು ಸ್ಥಾವರ ಕೃಷ್ಣೆಯ ನೀರು ಎತ್ತುತ್ತದೆ. ಹಳೆಯ ಸ್ಥಾವರಗಳಿಗೆ ಕೇಂದ್ರ ಸರ್ಕಾರ 2015ರಲ್ಲಿ ಹಾಕಿದ ಮಿತಿಯೇ ಯೂನಿಟ್‌ಗೆ ಮೂರೂವರೆ ಲೀಟರ್. ಒಂಬತ್ತು ಯೂನಿಟ್‌ಗೆ ಗುಣಿಸಿ, ಎರಡು ಕೊಡ ಆಯಿತು.

ಉಳಿತಾಯ ಅಂತ ಆರ್‌ಒ ಯಂತ್ರದ ಬಿಟ್ಟ ನೀರನ್ನು ಕೂಲರ್‌ಗೆ ಸುರಿಯಬೇಡಿ. ಅದರ ಉಪ್ಪಿಗೆ ಪ್ಯಾಡ್ ಕಲ್ಲಾಗುತ್ತದೆ. ಅದು ನೆಲ ಒರೆಸಲಿಕ್ಕಿರಲಿ. ವಾರಕ್ಕೊಮ್ಮೆ ಕೂಲರ್ ತೊಟ್ಟಿ ಖಾಲಿ ಮಾಡಿ ಉಜ್ಜಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಅಲ್ಲೇ ಸಂಸಾರ ಹೂಡುತ್ತದೆ.

ಇಷ್ಟೆಲ್ಲ ಮಾಡಿಯೂ ಅತ್ತೆಯವರಿಗೆ ಸಂಕಟವಾದರೆ ಎಸಿ ಹಾಕಿಸಿ, ಅದಕ್ಕೆ ಅಪರಾಧ ಅನ್ನಿಸಬೇಕಿಲ್ಲ. 40 ದಾಟಿದ ಮೇಲೆ ಬರೀ ಫ್ಯಾನ್ ಬಿಸಿಗಾಳಿಯನ್ನೇ ತಿರುಗಿಸುತ್ತದೆ. ವಯಸ್ಸಾದವರಿಗೆ ಅದು ಜೀವದ ಪ್ರಶ್ನೆ. 26ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ನೂರಕ್ಕೆ ಆರರಷ್ಟು ಕರೆಂಟ್ ಉಳಿಯುತ್ತದೆ. 2020ರಿಂದ ಹೊಸ ಎಸಿಗಳು ಅಂಗಡಿಯಿಂದಲೇ 24ಕ್ಕೆ ಹೊಂದಿಸಿ ಬರುವುದೂ ಇದಕ್ಕೇ.

ಮಗಳ ಕೋಪ ನಿಜವಾಗಿ ಹೋಗಬೇಕಾದದ್ದು ಎಸಿಯ ಗ್ಯಾಸ್ ಕಡೆಗೆ. ಹಳೆಯ ಎಸಿಗಳ ಆರ್-22 ಗ್ಯಾಸ್ ಒಂದು ಕೆಜಿ ಸೋರಿದರೆ ಸುಮಾರು 1,800 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ಈಗಿನ ಆರ್-32 ಅದರ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ನಮ್ಮ ಬೀದಿಯಲ್ಲೇ ಒಬ್ಬ ಮೆಕ್ಯಾನಿಕ್ ಹಳೆ ಎಸಿ ಬಿಚ್ಚುವಾಗ ಪೈಪ್ ಸಡಿಲಿಸಿ ಗ್ಯಾಸನ್ನು ಸುಮ್ನೆ ಗಾಳಿಗೆ ಬಿಟ್ಟ. ಬುಸ್ಸೆಂದು ಎರಡು ನಿಮಿಷ, ಮುಗಿಯಿತು. ಇಡೀ ಬೇಸಿಗೆ ಎಸಿ ಓಡಿಸಿದ್ದಕ್ಕಿಂತ ಆ ಎರಡು ನಿಮಿಷವೇ ಭಾರಿ. ಆದ್ದರಿಂದ ವರ್ಷವರ್ಷ "ಗ್ಯಾಸ್ ತುಂಬಬೇಕ್ರಿ" ಅನ್ನುವವರಿಗೆ, ಮೊದಲು ಎಲ್ಲಿ ಸೋರುತ್ತಿದೆ ತೋರಿಸ್ರೀ ಅನ್ನಿ. ಸೋರದಿದ್ದರೆ ತುಂಬುವ ಪ್ರಮೇಯವೇ ಇಲ್ಲ.