ರೈಲಿಳಿದು ದಾರಿ ತಪ್ಪಿದವರ ಹೊಣೆ ಯಾರದು?

ಮಂಜೇಶ್ವರ, ಕುಂಬಳೆ, ಕಾಸರಗೋಡು ರೈಲು ನಿಲ್ದಾಣಗಳ ಆಸುಪಾಸಿನಲ್ಲಿ ಇಂಥವರು ಕಣ್ಣಿಗೆ ಬೀಳುವುದುಂಟು: ಮೈಮೇಲೆ ಎರಡು ಮೂರು ಅಂಗಿ, ಜಡೆಗಟ್ಟಿದ ಕೂದಲು, ತನ್ನಷ್ಟಕ್ಕೇ ಮಾತು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಮುಂಬಯಿಯ ಆಚೆಯಿಂದಲೂ ಗಾಡಿಗಳು ಈ ಕರಾವಳಿಗೆ ನೇರ ಬರುತ್ತವೆ. ಎಲ್ಲಿ ಹತ್ತಿದೆ, ಎಲ್ಲಿಗೆ ಹೊರಟೆ ಎಂಬ ನೆನಪಿಲ್ಲದವರನ್ನೂ ತಂದಿಳಿಸುತ್ತವೆ. ಹೋಟೆಲಿನವರು ತಿಂಡಿ ಕೊಡುತ್ತಾರೆ, ಯಾರೋ ಠಾಣೆಗೆ ಫೋನ್ ಮಾಡುತ್ತಾರೆ. ಫೋನ್ ಬಂದ ಮೇಲೆ ಪೊಲೀಸರು ಏನು ಮಾಡಬೇಕು ಎಂಬುದಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ.

ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಲದಲ್ಲಿ ಬಂದದ್ದು 1912ರ ಲೂನಸಿ (ಬುದ್ಧಿಭ್ರಮಣೆ) ಕಾಯ್ದೆ. ಬುದ್ಧಿ ಸ್ಥಿಮಿತವಿಲ್ಲದೆ ಅಲೆಯುತ್ತಿದ್ದಾರೆ ಅನಿಸಿದವರನ್ನು ಠಾಣಾಧಿಕಾರಿ ಬಂಧಿಸಬಹುದಿತ್ತು; ಅಪಾಯಕಾರಿ ಅನಿಸಿದರೆ ಬಂಧಿಸಲೇಬೇಕಿತ್ತು. ಅಲ್ಲಿಂದ ಮ್ಯಾಜಿಸ್ಟ್ರೇಟರ ಮುಂದೆ, ಅಲ್ಲಿಂದ ಆಸ್ಪತ್ರೆಗೆ. ಕಾಯಿಲೆ ಬಿದ್ದವರನ್ನು ಕಳ್ಳರ ದಾರಿಯಲ್ಲೇ ನಡೆಸಿದ ಕಾನೂನು ಅದು. ಸ್ವಾತಂತ್ರ್ಯ ಬಂದು ನಾಲ್ಕು ದಶಕ ಕಳೆದರೂ ಅದೇ ನಡೆಯಿತು ಎಂಬುದು ನಮಗೆಲ್ಲ ನಾಚಿಕೆಯ ವಿಷಯ.

1987ರ ಮಾನಸಿಕ ಆರೋಗ್ಯ ಕಾಯ್ದೆ ಜಾರಿಗೆ ಬಂದದ್ದು 1993ರಲ್ಲಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬ ಗಡುವು ಅದರಲ್ಲಿತ್ತು, ಆದರೆ ದಾರಿ ಹಳೆಯದೇ. ಅಪರಾಧ ಮಾಡದ ಮಾನಸಿಕ ರೋಗಿಗಳನ್ನು ಜೈಲಿನಲ್ಲಿಡುವುದು ಸಂವಿಧಾನಬಾಹಿರ ಎಂದು ಶೀಲಾ ಬರ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ ವರ್ಷ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟುಕೊಂಡಿದ್ದ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ ಸಂಕೋಲೆಯಲ್ಲಿದ್ದ 28 ಮಂದಿ ಓಡಲಾಗದೆ ಸುಟ್ಟುಹೋದರು. ದೇಶ ಬೆಚ್ಚಿತು. ಕಾನೂನು ಬದಲಾಗಲು ಮತ್ತೆ ಹದಿನಾರು ವರ್ಷ ಬೇಕಾಯಿತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮನ್ನು ಪ್ರತಿ ಠಾಣೆಯ ಗೋಡೆಗೆ ಅಂಟಿಸಬೇಕು. ಅದರಲ್ಲಿ ಬಂಧನದ ಮಾತಿಲ್ಲ, ರಕ್ಷಣೆಯ ಮಾತಿದೆ. ತನ್ನ ಕಾಳಜಿ ತಾನು ಮಾಡಿಕೊಳ್ಳಲಾಗದೆ ಅಲೆಯುತ್ತಿರುವ ಮಾನಸಿಕ ರೋಗಿಯನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. ಹೆಚ್ಚೆಂದರೆ 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾವ ಕಾರಣಕ್ಕೂ ಲಾಕಪ್ಪಿನಲ್ಲಿಡುವಂತಿಲ್ಲ. ಆಸ್ಪತ್ರೆಗೆ ಸೇರಿಸುವಷ್ಟು ಕಾಯಿಲೆಯಿಲ್ಲ ಎಂದಾದರೆ ಮನೆಗೆ, ಮನೆಯಿಲ್ಲದಿದ್ದರೆ ಸರ್ಕಾರಿ ಆಶ್ರಯ ಕೇಂದ್ರಕ್ಕೆ ಬಿಡಬೇಕು. ಕಾಣೆಯಾದವರ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕುವುದೂ ಠಾಣೆಯದ್ದೇ ಕೆಲಸ. ನಿರ್ಗತಿಕರಿಗೆ ಚಿಕಿತ್ಸೆ ಉಚಿತ, ಬಿಪಿಎಲ್ ಕಾರ್ಡ್ ಕೇಳುವಂತಿಲ್ಲ. ಪೊಲೀಸರಿಗೆ ಆಗಾಗ ತರಬೇತಿ ಕೊಡಬೇಕೆಂದೂ ಕಾಯ್ದೆ ಸರ್ಕಾರಕ್ಕೆ ಹೇಳಿದೆ.

ಕಾಗದದ ಮೇಲೆ ಇದು ಒಳ್ಳೆಯ ಕಾನೂನು. ಕಾಸರಗೋಡಿನಲ್ಲಿ ಅದು ದೂರದ ಎದುರು ನಿಲ್ಲುತ್ತದೆ. ಕೇರಳದ ಮೂರು ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರಗಳು ತಿರುವನಂತಪುರ, ತೃಶ್ಶೂರು ಮತ್ತು ಕಲ್ಲಿಕೋಟೆಯಲ್ಲಿವೆ. ನಮಗೆ ಹತ್ತಿರದ್ದು ಕಲ್ಲಿಕೋಟೆಯ ಕುತಿರವಟ್ಟಂ, 1872ರಲ್ಲಿ ಶುರುವಾದದ್ದು. ಮಂಜೇಶ್ವರದಿಂದ ಅಲ್ಲಿಗೆ ಸುಮಾರು 200 ಕಿಲೋಮೀಟರ್. ತಲಪಾಡಿ ಗಡಿ ದಾಟಿದರೆ ಮಂಗಳೂರು ಹತ್ತಿರವೇ, ಆದರೆ ಅದು ಬೇರೆ ರಾಜ್ಯ. ರಾತ್ರಿ ಪಾಳಿಯಲ್ಲಿ ಕೈಬೆರಳೆಣಿಕೆಯ ಸಿಬ್ಬಂದಿ ಇರುವ ಠಾಣೆಯಿಂದ ಇಬ್ಬರನ್ನು ಕಲ್ಲಿಕೋಟೆಗೆ ಕಳಿಸುವುದು ಸುಲಭವಲ್ಲ. ಎಸ್‌ಐ ಕಲ್ಲು ಮನಸ್ಸಿನವರಾಗಬೇಕಿಲ್ಲ, ಜೀಪು ಒಂದೇ ಇದ್ದರೆ ಸಾಕು, ಕೆಲಸ ನಿಲ್ಲುತ್ತದೆ.

ಇಲ್ಲೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನೆರವಿಗೆ ಬರಬೇಕಾದದ್ದು. ಅದರ ಬೇರು ಇನ್ನೊಂದು ಗಡಿಜಿಲ್ಲೆ ಬಳ್ಳಾರಿಯಲ್ಲಿದೆ. ದೊಡ್ಡಾಸ್ಪತ್ರೆಯ ತನಕ ಹೋಗದೆ ತಾಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್ 1985ರಿಂದ ಅಲ್ಲಿ ಮಾಡಿ ತೋರಿಸಿತು. ಅದೇ ಮಾದರಿಯನ್ನು ಕೇಂದ್ರ ಸರ್ಕಾರ 1996ರಲ್ಲಿ ನಾಲ್ಕು ಜಿಲ್ಲೆಗಳಲ್ಲಿ ಶುರುಮಾಡಿ ಆಮೇಲೆ ದೇಶಕ್ಕೆಲ್ಲ ಹಬ್ಬಿಸಿತು. ಮೊದಲ ತಪಾಸಣೆಗೆ ಕಲ್ಲಿಕೋಟೆಯೇ ಆಗಬೇಕೆಂದು ಕಾನೂನು ಎಲ್ಲೂ ಹೇಳಿಲ್ಲ. ಕಾಸರಗೋಡಿನ ಜನರಲ್ ಆಸ್ಪತ್ರೆಯೂ ಸಾಕು. ಠಾಣೆಯವರ ಮೊಬೈಲಿನಲ್ಲಿ ಜಿಲ್ಲಾ ತಂಡದ ನಂಬರ್ ಇದ್ದು, ಆಸ್ಪತ್ರೆಯವರು ಹಾಸಿಗೆಯಿಲ್ಲವೆಂದು ವಾಪಸು ಕಳಿಸದಿದ್ದರೆ ಅರ್ಧ ಕೆಲಸ ಆದಂತೆ. ಮಿಕ್ಕರ್ಧವನ್ನು ಈಗ ಬಹುಮಟ್ಟಿಗೆ ಸಂಘ ಸಂಸ್ಥೆಗಳು ಹೊತ್ತಿವೆ. ಮಂಜೇಶ್ವರದಲ್ಲಿ ಜೋಸೆಫ್ ಕ್ರಾಸ್ತಾ ಅವರು ಕಟ್ಟಿದ ಸ್ನೇಹಾಲಯ ಬೀದಿಪಾಲಾದವರನ್ನು ಆರೈಕೆ ಮಾಡಿ, ಚೇತರಿಸಿಕೊಂಡವರನ್ನು ಮನೆ ಹುಡುಕಿ ಸೇರಿಸುತ್ತಿದೆ. ಅದು ಪುಣ್ಯದ ಕೆಲಸ, ನಿಜ. ಆದರೆ ಕಾನೂನು ಆ ಹೊಣೆಯನ್ನು ಬರೆದಿಟ್ಟದ್ದು ಸರ್ಕಾರದ ಹೆಸರಿಗೆ.

ಭಾಷೆಯ ತೊಡಕು ಇನ್ನೊಂದು. ಸಪ್ತಭಾಷೆಗಳ ನಾಡು ಎಂದು ಹೆಮ್ಮೆಪಡುತ್ತೇವೆ. ಆದರೆ ಕೊಪ್ಪಳದ ಕಡೆಯಿಂದ ಬಂದ ಹೆಂಗಸೊಬ್ಬಳು ಊರಿನ ಹೆಸರು ತೊದಲಿದರೆ, ಮಲಯಾಳ ಮಾತ್ರ ಬಲ್ಲ ವಾರ್ಡಿನಲ್ಲಿ ಅದನ್ನು ಹಿಡಿಯುವವರು ಯಾರು? ಊರಿನಲ್ಲಿ ಅವಳ ಅಣ್ಣ ಕೊಟ್ಟ ದೂರು ಕರ್ನಾಟಕದ ಠಾಣೆಯಲ್ಲಿ, ಇಲ್ಲಿನ ಎಫ್‌ಐಆರ್ ಕೇರಳದ ಠಾಣೆಯಲ್ಲಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವವರು ಬೇಕು. ಗಡಿಭಾಗದ ಠಾಣೆಗಳಲ್ಲೂ ಜನರಲ್ ಆಸ್ಪತ್ರೆಯಲ್ಲೂ ಕನ್ನಡ, ತುಳು ಬಲ್ಲ ಒಬ್ಬರನ್ನು ಈ ಕೆಲಸಕ್ಕೆಂದೇ ಗೊತ್ತುಮಾಡಲು ಹೊಸ ಕಾನೂನು ಬೇಕಿಲ್ಲ. ಜಿಲ್ಲಾ ಪೊಲೀಸ್ ವರಿಷ್ಠರೂ ವೈದ್ಯಾಧಿಕಾರಿಯೂ ಒಟ್ಟಿಗೆ ಕೂತು ಒಂದು ಆದೇಶ ಹೊರಡಿಸಿದರೆ ಆಯಿತು. ಅಲ್ಲಿಯವರೆಗೆ ಅಂಗಡಿಯವರೂ ಆಟೋದವರೂ 112ಕ್ಕೆ ಕರೆ ಮಾಡುವಾಗ 100ನೇ ಕಲಮಿನ ಹೆಸರು ಹೇಳಿಯೇ ಕೇಳಲಿ. ಸಲಹೆ ಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು.