ಬಿಸಿಗಿಂತ ಬಿಗಿ ಕೆಟ್ಟದ್ದು

ಮನೆಯಲ್ಲಿ ಬಿಸ್ಕತ್ ಇದ್ದರೆ ಒಂದನ್ನು ಮಗುಚಿ ನೋಡಿ. ತಳದಲ್ಲಿ ಸಣ್ಣ ಗೆರೆಗಳ ಹೆಣಿಗೆ ಕಂಡರೆ ಅದು ತಂತಿ ಜಾಲರಿಯ ಬೆಲ್ಟ್ ಮೇಲೆ ಕೂತು ಓವನ್ ದಾಟಿ ಬಂದಿದೆ. ಜಾಲರಿ ಇದ್ದರೆ ಹಿಟ್ಟಿನ ಹಬೆ ಕೆಳಗಿನಿಂದಲೂ ಹೊರಗೆ ಹೋಗುತ್ತದೆ. ಬೆಣ್ಣೆ ಜಾಸ್ತಿ ಇರುವ ಹಿಟ್ಟಾದರೆ ಕರಗಿ ಜಾಲರಿಯ ಕಣ್ಣಿಗೆ ಇಳಿದುಬಿಡುತ್ತದೆ. ಅಂಥದ್ದನ್ನು ಸಾಮಾನ್ಯವಾಗಿ ಉಕ್ಕಿನ ಪಟ್ಟಿಯ ಮೇಲೆ ಬೇಯಿಸುತ್ತಾರೆ, ಅದರ ತಳ ನುಣ್ಣಗಿರುತ್ತದೆ.

ನನ್ನ ಕಸುಬು ಬಿಸ್ಕತ್ತಿನದಲ್ಲ, ಬೋಲ್ಟಿನದು. ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಶೆಡ್‌ಗಳಲ್ಲಿ ಫರ್ನೇಸ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಅಲ್ಲೂ ಇದೇ ಜಾಲರಿ, ಆದರೆ ಬಿಸಿ 850 ಡಿಗ್ರಿಯ ಆಸುಪಾಸು. ಬೋಲ್ಟುಗಳು ಕೆಂಪಗೆ ಕಾದು, ಬೆಲ್ಟಿನ ತುದಿಯಿಂದ ಎಣ್ಣೆಗೆ ಬಿದ್ದು ಗಟ್ಟಿಯಾಗುತ್ತವೆ. ಆಮೇಲೆ ಹದ ಮಾಡುವ ಎರಡನೇ ಫರ್ನೇಸ್. ಅಲ್ಲಿ ಇನ್ನೊಂದು ಬೆಲ್ಟ್. 8.8 ಗ್ರೇಡ್ (ಬಲದ ದರ್ಜೆ) ಬೋಲ್ಟಾದರೆ ಆ ಹದದ ಬಿಸಿ 425 ಡಿಗ್ರಿಗಿಂತ ಕೆಳಗೆ ಇರುವಂತಿಲ್ಲ.

ನೇಯ್ದ ಬೆಲ್ಟ್ ಅಂದ ತಕ್ಷಣ ಮಗ್ಗದ ಹಾಸು-ಹೊಕ್ಕು ನೆನಪಾಗುತ್ತದೆ. ಇದು ಹಾಗಲ್ಲ. ತಂತಿಯನ್ನು ಸ್ಪ್ರಿಂಗಿನ ಹಾಗೆ ಸುತ್ತಿ, ಸ್ವಲ್ಪ ಚಪ್ಪಟೆ ಮಾಡಿ, ಒಂದರ ಪಕ್ಕ ಒಂದು ಜೋಡಿಸಿ, ನಡುವೆ ಅಡ್ಡ ಸರಳು ತೂರಿಸುತ್ತಾರೆ. ಎಲ್ಲ ಸುರುಳಿಗಳೂ ಒಂದೇ ಕಡೆ ಸುತ್ತಿದ್ದರೆ ಬೆಲ್ಟ್ ಓಡುತ್ತ ಓಡುತ್ತ ಒಂದು ಬದಿಗೆ ಎಳೆಯುತ್ತದೆ. ಅದಕ್ಕೇ ಒಂದು ಎಡಹುರಿ, ಮುಂದಿನದು ಬಲಹುರಿ, ಹೀಗೆ ಬದಲಿಸುತ್ತ ಹೋಗುತ್ತಾರೆ. ಬ್ಯಾಲೆನ್ಸ್ಡ್ ವೀವ್ ಅನ್ನುವುದು ಇದನ್ನೇ. ಸರಳುಗಳಿಗೂ ಅಲೆಯಂತೆ ಮಡಿಕೆ ಕೊಟ್ಟಿರುತ್ತಾರೆ. ಸುರುಳಿ ಆ ಮಡಿಕೆಯಲ್ಲಿ ಕೂರುತ್ತದೆ, ಅತ್ತಿತ್ತ ಸರಿಯುವುದಿಲ್ಲ.

ಆರ್ಡರ್ ಕೊಡುವಾಗ ಹೆಚ್ಚಿನವರು ಹೇಳುವುದು ಇಷ್ಟೇ: ಸ್ಟೇನ್‌ಲೆಸ್, ಅಗಲ ಇಷ್ಟು, ಉದ್ದ ಇಷ್ಟು. ಸ್ಟೇನ್‌ಲೆಸ್ ಅಂದರೆ ಯಾವುದು ಸ್ವಾಮಿ? 304 ಅಡುಗೆ ಪಾತ್ರೆಗೆ, ಓವನ್ನಿಗೆ ಚೆಂದ. 850ರಲ್ಲಿ ಅದು ಹೆಚ್ಚು ಕಾಲ ನಿಲ್ಲುವುದಿಲ್ಲ. ಗಟ್ಟಿ ಮಾಡುವ ಫರ್ನೇಸಿಗೆ ನಾನು ಕೇಳುವುದು 314. ಅದರಲ್ಲಿ ಕ್ರೋಮಿಯಂ ನೂರಕ್ಕೆ ಸುಮಾರು 25, ನಿಕಲ್ ಸುಮಾರು 20, ಜೊತೆಗೆ ಸಿಲಿಕಾನ್ ಒಂದು ಕೈ ಜಾಸ್ತಿ. ಫರ್ನೇಸ್ ಒಳಗೆ ಇರುವುದು ಬರೀ ಗಾಳಿಯಲ್ಲ. ಒಳಗೆ ತುಂಬುವ ಎಂಡೋ ಅನ್ನುವ ಗ್ಯಾಸಿನಲ್ಲಿ ಸುಮಾರು ಐದನೇ ಒಂದು ಪಾಲು ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬೋಲ್ಟಿನ ಇಂಗಾಲ ಕಾಪಾಡಲು ಬಿಡುವ ಗ್ಯಾಸು ಬೆಲ್ಟಿಗೂ ಇಂಗಾಲ ಕುಡಿಸುತ್ತದೆ. ಸಿಲಿಕಾನ್ ಅದನ್ನು ಒಂದಿಷ್ಟು ತಡೆಯುತ್ತದೆ. ಇನ್ನೊಂದು ಮಾತು. ಸತು ಲೇಪಿಸಿದ ಜಿಐ ಬೈಂಡಿಂಗ್ ವೈರ್ ಚೂರು, ಸತು ಲೇಪಿಸಿದ ಬೋಲ್ಟು ಬೆಲ್ಟಿನ ಹತ್ತಿರ ಸುಳಿಯಬಾರದು. ಸತು 419 ಡಿಗ್ರಿಗೇ ಕರಗುತ್ತದೆ. ಫರ್ನೇಸಿನ ಬಿಸಿಯಲ್ಲಿ ಅದು ನಿಕಲ್ ಇರುವ ಸ್ಟೇನ್‌ಲೆಸ್‌ನ ಒಳಗೆ ನುಗ್ಗಿ ಸೀಳಿಬಿಡುತ್ತದೆ.

ಇಷ್ಟೆಲ್ಲ ಸರಿಯಾಗಿ ಆರಿಸಿ ತಂದ ಬೆಲ್ಟನ್ನೂ ನಾವೇ ಕೊಲ್ಲುತ್ತೇವೆ. ಹೇಗೆ ಅಂದರೆ, ಬಿಗಿ ಮಾಡಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಮಾಡಿದ ಎಡವಟ್ಟು ಹೇಳುತ್ತೇನೆ. ಶನಿವಾರ ಸಂಜೆ. ಫರ್ನೇಸ್ ಕಾದಿದೆ, ಬೆಲ್ಟ್ ವಾಪಸು ಬರುವ ಕಡೆ ಜೋಲಾಡುತ್ತಿದೆ. ಬೆಲ್ಟನ್ನು ಎಳೆಯುವ ಡ್ರಮ್ ಮೇಲೆ ಒಮ್ಮೊಮ್ಮೆ ಜಾರುತ್ತಿದೆ ಕೂಡ. ಸ್ಪ್ಯಾನರ್ ತಗೊಂಡು ಎರಡೂ ಬದಿಯ ಸ್ಕ್ರೂ ತಿರುಗಿಸಿದೆ. ಬೆಲ್ಟ್ ಚೆನ್ನಾಗಿ ನಿಗುರಿತು. ಖುಷಿಯಾಗಿ ಮನೆಗೆ ಹೋದೆ. ಭಾನುವಾರ ರಜೆ, ಫರ್ನೇಸ್ ಆರಿಸಿದರು. ಸೋಮವಾರ ಬಂದು ನೋಡಿದರೆ ಡ್ರಮ್ಮಿನ ಒಂದು ಬೇರಿಂಗ್ ಹೌಸಿಂಗ್ ಬಿರುಕು ಬಿಟ್ಟಿತ್ತು. ಬೆಲ್ಟಿನ ಅಂಚಿನಲ್ಲಿ ಸಾಲಾಗಿ ವೆಲ್ಡ್ ಕಿತ್ತುಹೋಗಿತ್ತು.

ಲೆಕ್ಕ ಸುಲಭ. ಈ ಜಾತಿಯ ಸ್ಟೇನ್‌ಲೆಸ್ ಒಂದು ಮೀಟರಿಗೆ, ನೂರು ಡಿಗ್ರಿ ಏರಿದರೆ, ಸುಮಾರು 1.8 ಮಿಲಿಮೀಟರ್ ಉದ್ದವಾಗುತ್ತದೆ. ಆರು ಮೀಟರ್ ಬಿಸಿ ಭಾಗ, 820 ಡಿಗ್ರಿ ಏರಿಕೆ ಅಂದರೆ ಹತ್ತಿರ ಹತ್ತಿರ 9 ಸೆಂಟಿಮೀಟರ್. ಕಾದಾಗ ಉದ್ದವಾದ ಆ 9 ಸೆಂಟಿಮೀಟರನ್ನು ನಾನು ಸ್ಕ್ರೂನಲ್ಲಿ ತಿಂದುಹಾಕಿದ್ದೆ. ತಣ್ಣಗಾಗುವಾಗ ಬೆಲ್ಟ್ ಅದನ್ನು ವಾಪಸು ಕೇಳಿತು, ಅಷ್ಟೆ.

ಆ ಜೋಲು ಇರಬೇಕಾದದ್ದೇ. ಬೆಲ್ಟಿನ ಸಡಿಲು ಎಳೆದುಕೊಳ್ಳಲು ತೂಕ ಕಟ್ಟಿದ ಟೇಕ್‌ಅಪ್ ಇದ್ದರೆ ಬಿಸಿಯಲ್ಲಿ ತೂಕ ತಾನೇ ಇಳಿಯುತ್ತದೆ, ತಣ್ಣಗಾದಾಗ ತಾನೇ ಏರುತ್ತದೆ. ಸ್ಕ್ರೂಗೆ ಆ ಬುದ್ಧಿ ಇಲ್ಲ. ಡ್ರಮ್ ಜಾರದಂತೆ ಹಿಡಿಯಲು ಎಷ್ಟು ಬಿಗಿ ಬೇಕೋ ಅಷ್ಟು, ಅದರ ಮೇಲೆ ಒಂದು ಸುತ್ತೂ ಬೇಡ. ಕೆಂಪಗೆ ಕಾದ ತಂತಿ ಗಟ್ಟಿ ತಂತಿಯಲ್ಲ. ಎಳೆದಷ್ಟೂ ನಿಧಾನವಾಗಿ ಉದ್ದವಾಗುತ್ತಲೇ ಇರುತ್ತದೆ. ಬೆಲ್ಟ್ ಜಾರುತ್ತಿದ್ದರೆ ಮೊದಲು ಡ್ರಮ್ ಮೇಲಿನ ಎಣ್ಣೆ ಒರೆಸಿ. ಆಮೇಲೆ ಲೋಡ್ ನೋಡಿ. ಆಪರೇಟರ್ ಟಾರ್ಗೆಟ್ ಮುಟ್ಟಲು ಬೋಲ್ಟುಗಳನ್ನು ಒಂದರ ಮೇಲೊಂದು ಸುರಿಯುತ್ತಿರುತ್ತಾನೆ. ಬಯ್ಯುವುದಾದರೆ ಅವನನ್ನಲ್ಲ, ಟಾರ್ಗೆಟ್ ಇಟ್ಟವರನ್ನು.

ಕಾದ ಬೆಲ್ಟನ್ನು ನಿಲ್ಲಿಸಲೂ ಬಾರದು. ಫರ್ನೇಸ್ ಆರಿಸಿದ ಮೇಲೂ ಬೆಲ್ಟ್ ಮೆಲ್ಲಗೆ ತೆವಳುತ್ತಿರಲಿ, ಒಳಗೆ ಚೆನ್ನಾಗಿ ತಣ್ಣಗಾಗುವ ತನಕ. ಕರೆಂಟ್ ಹೋದರೆ ಕೈಯಲ್ಲಿ ತಿರುಗಿಸಲು ಹ್ಯಾಂಡಲ್ ಕೊಟ್ಟಿರುತ್ತಾರೆ. ಆ ಹ್ಯಾಂಡಲ್ ಸ್ಟೋರ್ ರೂಮಿನಲ್ಲಿ ಬೀಗದೊಳಗೆ ಇರುತ್ತದೆ, ಬೀಗದ ಕೈ ಇನ್ನೊಂದು ಶಿಫ್ಟಿನವನ ಜೇಬಿನಲ್ಲಿ. ಎಷ್ಟು ಕಡೆ ನೋಡಿದ್ದೇನೋ!

ಬೆಲ್ಟ್ ಒಂದು ಬದಿಗೆ ಸರಿಯುತ್ತಿದ್ದರೂ ಕೈ ಸ್ಪ್ಯಾನರಿಗೇ ಹೋಗುತ್ತದೆ. ಬೆಲ್ಟ್ ಯಾವ ಬದಿಯಲ್ಲಿ ರೋಲರನ್ನು ಮೊದಲು ಮುಟ್ಟುತ್ತದೋ ಆ ಬದಿಗೇ ವಾಲುತ್ತದೆ. ಹಾಗಾಗಿ ಮೊದಲು ರೋಲರ್ ಮಟ್ಟವಿದೆಯೇ, ಮೂಲೆಗೆ ಮೂಲೆ ಅಳತೆ ಸರಿಯಿದೆಯೇ ನೋಡಿ. ತಿದ್ದುವುದಾದರೆ ಚೂರೇ ಚೂರು ತಿದ್ದಿ, ಬೆಲ್ಟ್ ಪೂರ್ತಿ ಒಂದು ಸುತ್ತು ಬರುವ ತನಕ ಕೈ ಕಟ್ಟಿ ನಿಂತಿರಿ. ಒಂದು ಸುತ್ತಿಗೆ ಮುಕ್ಕಾಲು ಗಂಟೆ ಬೇಕು ಅಂದರೆ ಮುಕ್ಕಾಲು ಗಂಟೆಯೇ. ಚಹಾ ಕುಡಿಯಿರಿ.

ಹಳೆಯ ಬೆಲ್ಟಿನ ಸರಳುಗಳು ಬಿಲ್ಲಿನಂತೆ ಬಾಗಿರುವುದನ್ನೂ ನೋಡಿರುತ್ತೀರಿ. ನಡುಭಾಗ ಮತ್ತು ಅಂಚು ಒಂದೇ ಸಮ ಕಾಯುವುದಿಲ್ಲ, ಲೋಡೂ ಒಂದೇ ಸಮ ಬೀಳುವುದಿಲ್ಲ, ಅಲ್ವಾ? ಲೋಡಿಂಗ್ ತುದಿಯಲ್ಲಿ ಅಂಚಿನಿಂದ ಅಂಚಿಗೆ ಒಂದು ದಾರ ಹಿಡಿದು ಬಾಗು ಎಷ್ಟು ಮಿಲಿಮೀಟರ್ ಅಂತ ತಿಂಗಳಿಗೊಮ್ಮೆ ಬರೆದಿಡಿ. ಜಾಸ್ತಿಯಾಗುತ್ತಿದ್ದರೆ ಬೆಲ್ಟ್ ಬಿಚ್ಚಿ ಹಿಂದುಮುಂದಾಗಿ ಹಾಕಿ. ಬಾಗು ಮೆಲ್ಲಗೆ ತಿರುಗಿ ನೇರವಾಗುತ್ತ ಬರುತ್ತದೆ.

ದಾರದ ಜೊತೆಗೆ ಟೇಪನ್ನೂ ಹಿಡಿಯಿರಿ. ಇಪ್ಪತ್ತು ಸರಳು ಎಣಿಸಿ ಉದ್ದ ಅಳೆಯಿರಿ. ಹೊಸ ಬೆಲ್ಟ್ ಮೊದಲ ಕೆಲವು ವಾರ ಬೇಗ ಉದ್ದವಾಗುತ್ತದೆ, ಸುರುಳಿ ಸರಳುಗಳು ಕೂತುಕೊಳ್ಳುವ ಕಾಲ ಅದು. ಆಮೇಲೆ ತಿಂಗಳುಗಟ್ಟಲೆ ನಿಧಾನ. ಒಂದು ದಿನ ಮತ್ತೆ ವೇಗ ಹಿಡಿಯುತ್ತದೆ. ಆಗ ಸರಳು ಕಿತ್ತು ತುಂಡು ತೆಗೆದು ಗಿಡ್ಡ ಮಾಡುವುದರಿಂದ ಏನೂ ಆಗದು, ಹೊಸದಕ್ಕೆ ಆರ್ಡರ್ ಹಾಕಿ.

ಅನುಮಾನವಿದ್ದರೆ ಆ ತೆಗೆದ ತುಂಡನ್ನೇ ಕೇಳಿ. ಹೊಸ 314 ತಂತಿಗೆ ಅಯಸ್ಕಾಂತ ಹಿಡಿಯುವುದಿಲ್ಲ. ಇಂಗಾಲ ಕುಡಿದ ತಂತಿಗೆ ಹಿಡಿಯತೊಡಗುತ್ತದೆ. ಪ್ಲೈಯರ್‌ನಲ್ಲಿ ಹಿಡಿದು ಬಗ್ಗಿಸಿದರೆ ಒಳ್ಳೆಯ ತಂತಿ ಸುಮ್ನೆ ಬಗ್ಗುತ್ತದೆ. ಮುಗಿದುಹೋದದ್ದು ಬಳಪದ ಹಾಗೆ ಟಕ್ ಅನ್ನುತ್ತದೆ.