ಎಣ್ಣೆ ಸೋರುತ್ತಿದ್ದರೆ ಮೊದಲು ಬ್ರೀದರ್ ಹೋಸ್ ನೋಡಿ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ತೀರ್ಥಹಳ್ಳಿ ಕಡೆಯ ರಿಟೈರ್ಡ್ ಮೇಷ್ಟ್ರೊಬ್ಬರು ನನ್ನ ಗ್ಯಾರೇಜಿಗೆ ಬಂದರು. ಗಾಡಿ 1998ರ ಮಾರುತಿ 800, ಕಾರ್ಬೊರೇಟರ್ ಮಾಡೆಲ್. ಹಿಂದಿನ ಸೀಟಿನಿಂದ ಒಂದು ರಟ್ಟು ತೆಗೆದು ನನ್ನ ಮುಂದೆ ಹಿಡಿದರು. ರಾತ್ರಿ ಗಾಡಿಯ ಕೆಳಗೆ ಹಾಸುತ್ತಿದ್ದ ರಟ್ಟು ಅದು. ಮೇಲೆಲ್ಲ ಎಣ್ಣೆ ಹನಿಯ ಕಲೆ. ಒಂದೊಂದು ಕಲೆಯ ಪಕ್ಕದಲ್ಲೂ ಪೆನ್ನಿನಲ್ಲಿ ತಾರೀಕು ಬರೆದಿದ್ದರು.

"ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಮೂರು ಸಲ ಹಾಕಿಸಿದೆ ಕಣಪ್ಪ. ಈಗ ಎಂಜಿನ್ನೇ ಬಿಚ್ಚಬೇಕು ಅಂತಿದ್ದಾರೆ. ನೀನೊಂದ್ಸಲ ನೋಡು" ಎಂದರು.

ನಾನು ಗ್ಯಾಸ್ಕೆಟ್ ಮುಟ್ಟಲಿಲ್ಲ. ಎಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರಿನಿಂದ ಏರ್ ಫಿಲ್ಟರ್ ಡಬ್ಬಕ್ಕೆ ಹೋಗುವ ಬ್ರೀದರ್ ಹೋಸ್ ಮೊದಲು ಕಳಚಿದೆ. ಹೊರಗಿನಿಂದ ನೋಡಿದರೆ ಅದಕ್ಕೆ ಏನೂ ಆಗಿರಲಿಲ್ಲ. ಬಿರುಕಿಲ್ಲ, ಹರಿದಿಲ್ಲ. ಆದರೆ ಒಂದು ತುದಿಯಿಂದ ಟಾರ್ಚ್ ಬಿಟ್ಟರೆ ಇನ್ನೊಂದು ತುದಿಯಲ್ಲಿ ಬೆಳಕೇ ಕಾಣಲಿಲ್ಲ. ಬಾಗುವ ಜಾಗದಲ್ಲಿ ರಬ್ಬರ್ ಒಳಗೆ ಊದಿಕೊಂಡಿತ್ತು. ಉಳಿದ ಸಂದಿನಲ್ಲಿ ಕಪ್ಪು ಗಸಿ ಕೂತಿತ್ತು. ಎಂಜಿನ್ನಿಗೆ ಉಸಿರು ಬಿಡುವುದಕ್ಕೆ ದಾರಿಯೇ ಇರಲಿಲ್ಲ.

ಹೊಸ ಹೋಸ್ ಹಾಕಿ, ಅದರ ಜೊತೆಗೆ ಗ್ಯಾಸ್ಕೆಟ್ ಒಂದನ್ನು ಹೊಸದಾಗಿ ಕೂರಿಸಿ ಕಳಿಸಿದೆ. ಹಿಂದೆ ಹಾಕಿದ್ದ ಮೂರು ಗ್ಯಾಸ್ಕೆಟ್‌ಗಳಲ್ಲಿ ಏನೂ ದೋಷ ಇದ್ದಿರಲಾರದು. ಒತ್ತಡ ಹೋಗಲು ಬೇರೆ ದಾರಿ ಇಲ್ಲದಾಗ ಎಂಥ ಗ್ಯಾಸ್ಕೆಟ್ ಆದರೂ ಎಷ್ಟು ದಿನ ತಡೆದೀತು?

ಈ ಒತ್ತಡ ಎಲ್ಲಿಂದ ಬರುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಹುಟ್ಟುವ ಗ್ಯಾಸ್ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗಿನ ಸಂದಿನಲ್ಲಿ ನುಸುಳಿ ಕೆಳಗಿನ ಚೇಂಬರಿಗೆ ಇಳಿಯುತ್ತದೆ. ಹೊಸ ಎಂಜಿನ್ನಿನಲ್ಲೂ ಇದು ತಪ್ಪಿದ್ದಲ್ಲ. ಹಳೆಯದಾದಂತೆ ಜಾಸ್ತಿಯಾಗುತ್ತದೆ. ಈ ಗ್ಯಾಸಿನಲ್ಲಿ ಹೊಗೆ ಇರುತ್ತದೆ, ಉರಿಯದ ಪೆಟ್ರೋಲ್ ಇರುತ್ತದೆ, ನೀರಿನ ಆವಿಯೂ ಇರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ ಅಂದರೆ ನಂಬುವುದು ಕಷ್ಟ, ಅಲ್ವಾ? ಬಹುಪಾಲು ಸೈಲೆನ್ಸರಿನಿಂದ ಆವಿಯಾಗಿ ಹೊರಗೆ ಹೋಗುತ್ತದೆ. ಒಂದಿಷ್ಟು ಚೇಂಬರಿಗೆ ಬರುತ್ತದೆ. ಇದನ್ನೆಲ್ಲ ಹೊರಗೆ ಸಾಗಿಸುವುದೇ ಬ್ರೀದರ್ ಹೋಸ್ ಕೆಲಸ.

ಆ ದಾರಿ ಕಟ್ಟಿಕೊಂಡರೆ ಗ್ಯಾಸ್ ಎಲ್ಲಿ ಸಡಿಲ ಸಿಗುತ್ತದೋ ಅಲ್ಲಿ ಎಣ್ಣೆಯನ್ನೂ ತಳ್ಳಿಕೊಂಡು ಬರುತ್ತದೆ. ಟ್ಯಾಪೆಟ್ ಕವರಿನ ಅಂಚು, ಕ್ರ್ಯಾಂಕಿನ ಆಯಿಲ್ ಸೀಲ್, ಡಿಸ್ಟ್ರಿಬ್ಯೂಟರ್ ಬುಡ, ಹೀಗೆ. ಕೆಲವು ಸಲ ಎಣ್ಣೆ ನೋಡುವ ಡಿಪ್‌ಸ್ಟಿಕ್ಕೇ ತಾನಾಗಿ ಮೇಲೆ ಎದ್ದಿರುತ್ತದೆ. ಡಿಪ್‌ಸ್ಟಿಕ್ ಎದ್ದಿರುವ ಗಾಡಿ ಕಂಡರೆ ನಾನು ಬೇರೇನೂ ನೋಡುವುದಿಲ್ಲ, ಸೀದಾ ಹೋಸಿಗೆ ಕೈ ಹಾಕುತ್ತೇನೆ.

ನನ್ನ ಗ್ಯಾರೇಜ್ ಇರುವುದು ಶಿವಮೊಗ್ಗದಲ್ಲಿ. ಒಂದು ಕಡೆಯಿಂದ ಸಾಗರ, ಹೊಸನಗರ, ತೀರ್ಥಹಳ್ಳಿಯ ಗಾಡಿಗಳು ಬರುತ್ತವೆ. ಇನ್ನೊಂದು ಕಡೆಯಿಂದ ಚನ್ನಗಿರಿ, ಹೊಳಲ್ಕೆರೆ ಕಡೆಯವು. ಎರಡೂ ಕಡೆಯ ಗಾಡಿಗಳಿಗೆ ಹೋಸ್ ತೊಂದರೆ ಬೇರೆ ಬೇರೆ ಥರ ಬರುತ್ತದೆ.

ಮಲೆನಾಡಿನ ಗಾಡಿಗಳಲ್ಲಿ ನೀರಿನ ಕಾಟ. ಮಳೆಗಾಲದ ತಂಡಿಯಲ್ಲಿ ಮನೆಯಿಂದ ಡೇರಿಗೆ, ಡೇರಿಯಿಂದ ಮನೆಗೆ ಎರಡೇ ಕಿಲೋಮೀಟರ್ ಓಡಿಸಿ ನಿಲ್ಲಿಸುತ್ತಾರೆ. ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಒಳಗಿನ ಆವಿ ನೀರಾಗಿ ಎಣ್ಣೆಯ ಜೊತೆ ಕಲಸಿಕೊಂಡು, ಹಾಲು ಜಾಸ್ತಿ ಬಿದ್ದ ಕಾಫಿ ಬಣ್ಣದ ಬೆಣ್ಣೆಯಂತೆ ಆಗುತ್ತದೆ. ಆಯಿಲ್ ಕ್ಯಾಪ್ ತೆಗೆದರೆ ಅದರ ಒಳಮೈಗೆ ಅಂಟಿರುತ್ತದೆ. ಹೋಸಿನೊಳಗೂ ಅದೇ ತುಂಬುತ್ತದೆ. ಇದನ್ನು ನೋಡಿ, ಎಂಜಿನ್ನಿನ ನೀರು ಎಣ್ಣೆ ಒಂದಕ್ಕೊಂದು ಸೇರದ ಹಾಗೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಯಿತು ಅಂತ ಗಾಬರಿ ಬಿದ್ದು ಬರುವವರು ಬಹಳ. ಗಾಬರಿಗೆ ಮುಂಚೆ ಎರಡು ನೋಡಿ. ರೇಡಿಯೇಟರಿನ ನೀರು ಕಮ್ಮಿ ಆಗುತ್ತಿದೆಯಾ? ಡಿಪ್‌ಸ್ಟಿಕ್ಕಿನಲ್ಲಿ ಬರುವ ಎಣ್ಣೆ ಬೆಳ್ಳಗೆ ಕದಡಿದೆಯಾ? ಎರಡೂ ಇಲ್ಲ, ಕ್ಯಾಪಿನಲ್ಲಿ ಮಾತ್ರ ಬೆಣ್ಣೆ ಇದೆ ಅಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡುವುದಕ್ಕೆ ಅವಸರ ಬೇಡ. ಹೋಸ್ ಕ್ಲೀನ್ ಮಾಡಿಸಿ ಅಥವಾ ಬದಲಿಸಿ. ವಾರಕ್ಕೊಂದು ಸಲ ಅರ್ಧ ಮುಕ್ಕಾಲು ಗಂಟೆ ಚೆನ್ನಾಗಿ ಓಡಿಸಿ. ಆವಿ ಆರಿಹೋಗುತ್ತದೆ.

ಬಯಲುಸೀಮೆಯ ಗಾಡಿಗಳಲ್ಲಿ ಬಿರುಕು ಜಾಸ್ತಿ. ಬಿಸಿಲು, ಎಂಜಿನ್ನಿನ ಶಾಖ, ಎಣ್ಣೆ ಆವಿ, ಮೂರೂ ಸೇರಿ ರಬ್ಬರನ್ನು ಒಣಗಿಸಿ ಗಟ್ಟಿ ಮಾಡುತ್ತವೆ. ಬೆರಳಲ್ಲಿ ಬಗ್ಗಿಸಿದರೆ ಸಣ್ಣ ಸಣ್ಣ ಸೀಳು ಕಾಣುತ್ತವೆ. ನನ್ನ ಪ್ರಕಾರ ಕಟ್ಟಿಕೊಂಡ ಹೋಸಿಗಿಂತ ಈ ಸೀಳಿದ ಹೋಸೇ ಅಪಾಯ. ಕಟ್ಟಿಕೊಂಡದ್ದು ಎಣ್ಣೆ ಸೋರಿಸಿ ಕಣ್ಣಿಗೆ ಕಾಣಿಸಿಕೊಳ್ಳುತ್ತದೆ. ಸೀಳಿದ್ದು ಸದ್ದಿಲ್ಲದೆ ಧೂಳನ್ನು ಒಳಗೆ ಎಳೆದುಕೊಳ್ಳುತ್ತದೆ. ನೀವು ತಪ್ಪದೆ ಏರ್ ಫಿಲ್ಟರ್ ಬದಲಿಸುತ್ತಿರಬಹುದು. ಆದರೆ ಫಿಲ್ಟರ್ ದಾಟಿದ ಮೇಲೆ ಸೇರುವ ಹೋಸಿನಲ್ಲಿ ಸೀಳಿದ್ದರೆ ಆ ಧೂಳನ್ನು ತಡೆಯುವವರು ಯಾರೂ ಇಲ್ಲ. ಅದು ರಿಂಗ್ ಮತ್ತು ಬೋರನ್ನು (ಸಿಲಿಂಡರಿನ ಒಳಗೋಡೆ) ಮರಳುಕಾಗದದ ಹಾಗೆ ತೇಯುತ್ತದೆ. ರಿಂಗ್ ತೇದರೆ ಗ್ಯಾಸ್ ಇನ್ನೂ ಜಾಸ್ತಿ ಕೆಳಗಿಳಿಯುತ್ತದೆ.

ಇಂಜೆಕ್ಷನ್ ಇರುವ ಪೆಟ್ರೋಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಎರಡು ಹೋಸ್ ಇರುತ್ತವೆ. ಒಂದು ಏರ್ ಫಿಲ್ಟರ್ ಕಡೆಯಿಂದ ಶುದ್ಧ ಗಾಳಿ ತರುತ್ತದೆ. ಇನ್ನೊಂದು ಪಿಸಿವಿ ಅನ್ನುವ ಪುಟ್ಟ ವಾಲ್ವಿನ ಮೂಲಕ ಒಳಗಿನ ಗ್ಯಾಸನ್ನು ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೆ ಎಳೆಯುತ್ತದೆ. ಈ ಎರಡನೆಯ ಹೋಸ್ ಸೀಳಿದರೆ ಐಡಲ್, ಅಂದರೆ ಆಕ್ಸಿಲರೇಟರ್ ಒತ್ತದೆ ಬಿಟ್ಟಾಗಿನ ಎಂಜಿನ್ ಓಟ, ಕೆಡುತ್ತದೆ. ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಗಾಡಿಗಳಲ್ಲಿ ಐಡಲ್ ಏರಿ ಕೂರುವುದು ಹೆಚ್ಚು. ಬರುವ ಗಾಳಿಯನ್ನು ಫಿಲ್ಟರ್ ಹತ್ತಿರವೇ ಅಳೆಯುವ ಗಾಡಿಗಳಲ್ಲಿ ಮಿಸ್ಸಿಂಗ್ ಬರುತ್ತದೆ, ಚೆಕ್ ಎಂಜಿನ್ ಲೈಟ್ ಹತ್ತಬಹುದು. ಹೋಸ್ ನೋಡದೆ ಸೆನ್ಸರ್ ಬದಲಿಸಿ ದುಡ್ಡು ಕಳೆದುಕೊಂಡವರನ್ನು ಕಂಡಿದ್ದೇನೆ. ಇನ್ನು ಆ ವಾಲ್ವ್ ಕಟ್ಟಿಕೊಂಡರೆ ಗ್ಯಾಸ್ ಹಿಮ್ಮುಖವಾಗಿ ಫಿಲ್ಟರ್ ಡಬ್ಬಕ್ಕೆ ನುಗ್ಗುತ್ತದೆ. ಏರ್ ಫಿಲ್ಟರ್ ಕಾಗದ ಎಣ್ಣೆಯಲ್ಲಿ ನೆಂದಿದ್ದರೆ ಅದೇ ಗುರುತು.

ಈಗ ಹೊಸ ಹೋಸಿನ ವಿಷಯ. ಇಲ್ಲೇ ಜಾಸ್ತಿ ತಪ್ಪು ಆಗುವುದು. ಕೆಲಸ ಕಲಿತ ಹೊಸದರಲ್ಲಿ ನಾನೂ ಈ ತಪ್ಪು ಮಾಡಿದ್ದೇನೆ. ಅಂಗಡಿಯಲ್ಲಿ ಸರಿಯಾದ ಹೋಸ್ ಸಿಗಲಿಲ್ಲ ಅಂತ ಅದೇ ಸೈಜಿನ ಹೀಟರ್ ಹೋಸ್ ತುಂಡು ಮಾಡಿ ಹಾಕಿದೆ. ನೋಡಲು ಗಟ್ಟಿಮುಟ್ಟಾಗಿತ್ತು. ಕೆಲವು ತಿಂಗಳಿಗೆ ಗಾಡಿ ವಾಪಸ್ ಬಂತು. ಹೋಸ್ ಊದಿ ಮೆತ್ತಗಾಗಿ, ಕ್ಲಿಪ್ಪಿನ ಹತ್ತಿರ ಪಿಚ್ಚೆಂದು ಒತ್ತಿಕೊಂಡಿತ್ತು. ಆ ಸಲ ಗಿರಾಕಿಯಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ರೇಡಿಯೇಟರ್, ಹೀಟರ್ ಹೋಸುಗಳು ಸಾಮಾನ್ಯವಾಗಿ ಇಪಿಡಿಎಂ ಅನ್ನುವ ರಬ್ಬರಿನವು. ಬಿಸಿನೀರನ್ನು ಚೆನ್ನಾಗಿ ತಡೆಯುತ್ತವೆ. ಎಣ್ಣೆ ತಾಗಿದರೆ ಮಾತ್ರ ಊದುತ್ತವೆ. ಬ್ರೀದರಿಗೆ ಬೇಕಾದದ್ದು ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್. ಹೋಸಿನ ಮೇಲೆ ಎನ್‌ಬಿಆರ್ ಅಂತ ಅಚ್ಚಾಗಿದ್ದರೆ ಅದು ನೈಟ್ರೈಲ್.

ಅಂಗಡಿಗಳಲ್ಲಿ ನೀಲಿ, ಕೆಂಪು ಬಣ್ಣದ ಸಿಲಿಕೋನ್ ಹೋಸ್ ಸಿಗುತ್ತವೆ. ಹುಡುಗರಿಗೆ ತುಂಬಾ ಇಷ್ಟ. ಶಾಖ ತಡೆಯುವುದರಲ್ಲಿ ಅವು ಚೆನ್ನಾಗಿವೆ, ಆದರೆ ಸಾದಾ ಸಿಲಿಕೋನ್ ಎಣ್ಣೆಗೆ ಬೆವರುತ್ತದೆ. ಒಳಪದರ ಫ್ಲೋರೊಸಿಲಿಕೋನ್ ಇದ್ದರೆ ಮಾತ್ರ ಬ್ರೀದರಿಗೆ ಹಾಕಿ. ಗಿಡಕ್ಕೆ ನೀರು ಬಿಡುವ ಪ್ಲಾಸ್ಟಿಕ್ ಪೈಪಂತೂ ಬೇಡವೇ ಬೇಡ. ಎಂಜಿನ್ ಬಿಸಿಗೆ ಅದು ಬಳುಕಿ ಮುಚ್ಚಿಕೊಳ್ಳುತ್ತದೆ.

ಮ್ಯಾನಿಫೋಲ್ಡ್ ಕಡೆಯ ಹೋಸಿಗೆ ಇನ್ನೊಂದು ಗುಣ ಬೇಕು. ಒಳಗೆ ನೂಲಿನ ನೇಯ್ಗೆ ಇರುವ, ಗೋಡೆ ದಪ್ಪಗಿರುವ ಹೋಸೇ ಆಗಬೇಕು. ಎಂಜಿನ್ ಐಡಲಿನಲ್ಲಿರುವಾಗ ಅಲ್ಲಿನ ಎಳೆತ ಜೋರು. ತೆಳು ಹೋಸ್ ಹೀರಿದ ಸ್ಟ್ರಾ ಹಾಗೆ ಚಪ್ಪಟೆಯಾಗುತ್ತದೆ. ಎಂಜಿನ್ ಆಫ್ ಮಾಡಿದ ಕೂಡಲೇ ಮತ್ತೆ ಉಬ್ಬಿ ನಿಲ್ಲುತ್ತದೆ. ಹಾಗಾಗಿ ಈ ದೋಷ ಹಿಡಿಯಬೇಕಾದರೆ ಎಂಜಿನ್ ಓಡುತ್ತಿರುವಾಗಲೇ ನೋಡಬೇಕು.

ಅಚ್ಚಿನಲ್ಲೇ ಬಾಗಿಸಿ ಮಾಡಿದ ಹೋಸಿಗೆ ನೇರ ಹೋಸ್ ಬದಲಿ ಅಲ್ಲ. ಬಗ್ಗಿಸಿದಲ್ಲಿ ಮಡಚಿಕೊಳ್ಳುತ್ತದೆ. ಹಳೆಯ ಹೋಸನ್ನು ಕೈಯಲ್ಲೇ ಹಿಡಿದುಕೊಂಡು ಅಂಗಡಿಗೆ ಹೋಗಿ. ಬಾಗು, ಉದ್ದ, ಎರಡೂ ತುದಿಯ ಅಳತೆ ಹೋಲಿಸಿ. ಕೆಲವಕ್ಕೆ ಎರಡು ತುದಿಯ ಅಳತೆ ಬೇರೆ ಬೇರೆ ಇರುತ್ತದೆ. ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿದೆ. ಆದರೂ ಅದರ ರಬ್ಬರ್ ಸಾಮಾನು ಹುಡುಕಿದರೆ ಸಿಗುತ್ತದೆ. ಬೆಲೆಯೂ ಹೊರೆಯಲ್ಲ.

ಬಿಚ್ಚುವಾಗ ಎಂಜಿನ್ ಪೂರ್ತಿ ತಣ್ಣಗಿರಲಿ. ಮೊದಲು ಫೋನಿನಲ್ಲಿ ಎರಡು ಮೂರು ಫೋಟೊ ತೆಗೆದಿಟ್ಟುಕೊಳ್ಳಿ. ಯಾವ ಹೋಸ್ ಎಲ್ಲಿಗೆ ಹೋಗುತ್ತಿತ್ತು ಅನ್ನುವುದು ಕಳಚಿದ ಮೇಲೆ ಮರೆಯುತ್ತದೆ. ಕ್ಲಿಪ್ ಸಡಿಲ ಮಾಡಿ, ಹೋಸನ್ನು ಜಗ್ಗಬೇಡಿ, ತಿರುಚಿ. ಬರಲಿಲ್ಲವಾ? ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಸುಲಿದುಬಿಡಿ. ಹೇಗೂ ಎಸೆಯುವ ಹೋಸ್ ಅದು. ಕಾಪಾಡಬೇಕಾದದ್ದು ಅದು ಕೂತಿರುವ ಮೂತಿಯನ್ನು. ಹಳೆಯ ಗಾಡಿಗಳಲ್ಲಿ ಪ್ಲಾಸ್ಟಿಕ್ ಮೂತಿ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಅದು ಮುರಿದರೆ ಚಿಕ್ಕ ಕೆಲಸ ದೊಡ್ಡದಾಗುತ್ತದೆ. ಬ್ಲೇಡ್ ಗೀರೂ ಬೀಳಬಾರದು, ಆ ಗೀರಿನಲ್ಲೇ ಮುಂದೆ ಗಾಳಿ ಸೋರುತ್ತದೆ.

ಹೋಸ್ ಬಂದ ಮೇಲೆ ಮೂತಿಯ ಒಳಗೂ ನೋಡಿ. ಎಷ್ಟೋ ಸಲ ಗಸಿ ಕಟ್ಟಿರುವುದು ಅಲ್ಲೇ. ಕೆರೆದ ಚೂರು ಎಂಜಿನ್ನಿನೊಳಗೆ ಬೀಳದ ಹಾಗೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಪಿಸಿವಿ ವಾಲ್ವ್ ಇದ್ದರೆ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ. ಟಿಕ್ ಟಿಕ್ ಸದ್ದು ಬರಬೇಕು. ಬರದಿದ್ದರೆ ಸುಮ್ನೆ ಹೊಸದು ಹಾಕಿ. ಸದ್ದು ಬಂದ ಮಾತ್ರಕ್ಕೆ ಚೆನ್ನಾಗಿದೆ ಅಂತಲೂ ಅಲ್ಲ, ಹತ್ತು ವರ್ಷದ ವಾಲ್ವ್ ಆಗಿದ್ದರೆ ನಾನು ಹೋಸಿನ ಜೊತೆಗೇ ಬದಲಿಸುತ್ತೇನೆ.

ಹೊಸ ಹೋಸ್ ಏರಿಸಲು ಕಷ್ಟವಾದರೆ ಮೂತಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ. ಗ್ರೀಸ್ ಬೇಡ. ಹೋಸ್ ಎಲ್ಲೂ ಜೋತು ಬೀಳಬಾರದು. ಜೋತಲ್ಲಿ ನೀರು ನಿಂತು ಮತ್ತೆ ಅದೇ ಬೆಣ್ಣೆ ಕಟ್ಟುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ತಾಗಬಾರದು. ಸ್ಕ್ರೂ ಕ್ಲಿಪ್ಪನ್ನು ರಬ್ಬರ್ ಕತ್ತರಿಸುವಷ್ಟು ಬಿಗಿಯಬೇಡಿ. ಹೋಸ್ ಕೈಯಲ್ಲಿ ತಿರುಗದಷ್ಟು ಬಿಗಿಯಾದರೆ ಸಾಕು.

ಕೆಲವರು ಒಂದು ಅಡ್ಡದಾರಿ ಹಿಡಿಯುತ್ತಾರೆ. ಹೋಸನ್ನು ಏರ್ ಫಿಲ್ಟರಿನಿಂದ ಕಿತ್ತು, ಕೆಳಗೆ ರಸ್ತೆಯ ಕಡೆ ಜೋತು ಬಿಡುತ್ತಾರೆ. ಫಿಲ್ಟರಿಗೆ ಎಣ್ಣೆ ಬರುವುದಿಲ್ಲ ಅಂತ ಸಮಾಧಾನ. ಹಿಂದಿನ ಕಾಲದ ಎಂಜಿನ್ನುಗಳೂ ಹೀಗೇ ಇದ್ದವು ಅನ್ನುವುದು ನಿಜ. ಆ ಹೊಗೆಯಿಂದ ಊರಿನ ಗಾಳಿ ಕೆಡುತ್ತದೆ ಅಂತ ಗೊತ್ತಾದ ಮೇಲೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1961ರ ಮಾಡೆಲ್ ಕಾರುಗಳಿಂದ ಅದನ್ನು ಮತ್ತೆ ಎಂಜಿನ್ನಿಗೇ ಕಳಿಸಿ ಉರಿಸುವ ವ್ಯವಸ್ಥೆ ಬಂತು. ನಾವು ಅರವತ್ತು ವರ್ಷ ಹಿಂದಕ್ಕೆ ಯಾಕೆ ಹೋಗಬೇಕು? ಹಾಗೆ ಬಿಟ್ಟ ಹೋಸಿನ ಹೊಗೆ ಸಿಗ್ನಲ್ಲಿನಲ್ಲಿ ನಿಂತಾಗ ಗಾಡಿಯೊಳಗೇ ಬರುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳು ಕೂತಿರುತ್ತಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ, ಮಾಡಿಕೊಡಲು ಯಾರಾದರೂ ಬಂದರೂ ಬೇಡ ಅನ್ನಿ.

ಕೆಲಸ ಮುಗಿದ ಮೇಲೆ ಪರೀಕ್ಷೆ ಸುಲಭ. ಪಿಸಿವಿ ಇರುವ ಗಾಡಿಯಾದರೆ ಎಂಜಿನ್ ಬಿಸಿಯಾದ ಮೇಲೆ ಐಡಲಿನಲ್ಲಿ ಬಿಟ್ಟು, ಆಯಿಲ್ ಕ್ಯಾಪ್ ತೆಗೆದು, ತೂತಿನ ಮೇಲೆ ಒಂದು ಗಟ್ಟಿ ಕಾಗದ ಇಡಿ. ಒಳಕ್ಕೆ ಹಿಡಿದುಕೊಂಡರೆ ಉಸಿರಾಟ ಸರಿಯಿದೆ. ಕಾರ್ಬೊರೇಟರಿನ ಹಳೆಯ ಗಾಡಿಯಲ್ಲಿ ಹಾಗೆ ಹಿಡಿಯದೆ ಸಣ್ಣಗೆ ಗಾಳಿ ಬಂದರೂ ಚಿಂತೆಯಿಲ್ಲ. ಬೆಲ್ಟ್, ಫ್ಯಾನ್ ಹತ್ತಿರ ಕೈ, ಪಂಚೆ, ದುಪಟ್ಟಾ ಹೋಗದ ಹಾಗೆ ಎಚ್ಚರವಿರಲಿ. ಗಾಳಿ ಎಲ್ಲಿ ಸೋರುತ್ತಿದೆ ಅಂತ ಹುಡುಕಲು ಪೆಟ್ರೋಲ್ ಚಿಮುಕಿಸುವುದನ್ನು ನೋಡಿದ್ದೇನೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಯ ಆಟ.

ಹೋಸ್, ವಾಲ್ವ್, ಮೂತಿ ಎಲ್ಲ ಸರಿಯಿದ್ದೂ ಕ್ಯಾಪ್ ತೆಗೆದರೆ ರೈಸ್ ಮಿಲ್ ಚಿಮಣಿಯ ಹಾಗೆ ಹೊಗೆ ಉಗುಳುತ್ತಿದ್ದರೆ ರಿಂಗ್ ತೇದಿದೆ ಅಂತ ಅನುಮಾನ ಪಡಬೇಕು. ಆಗ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ ನೋಡುವ ಕಂಪ್ರೆಷನ್ ಟೆಸ್ಟ್ ಮಾಡಿಸಿ, ಪ್ರತಿ ಸಿಲಿಂಡರಿನ ಲೆಕ್ಕ ಬರೆಸಿಕೊಳ್ಳಿ. ಎಂಜಿನ್ ಬಿಚ್ಚುವ ಮಾತು ಆಮೇಲೆ.

ಮೇಷ್ಟ್ರು ಹೋದ ತಿಂಗಳು ಎಣ್ಣೆ ಬದಲಿಸಲು ಬಂದಿದ್ದರು. ಕವರಿನ ಸುತ್ತ ಬೆರಳಾಡಿಸಿದೆ. ಒಣಗಿತ್ತು. ರಟ್ಟು ಎಲ್ಲಿ ಮೇಷ್ಟ್ರೇ ಅಂತ ಕೇಳಿದೆ. ಒಲೆಗೆ ಹಾಕಿದೆ ಎಂದರು.